ಅವಳಿ ಬಸುರಿ: ತೂಕ ಎಷ್ಟು ಏರಬೇಕು, ಯಾವಾಗ ಏರಬೇಕು?

ಪ್ರಶ್ನೆ: ನನಗೆ 26 ವರ್ಷ. ಗದಗ ಹತ್ತಿರದ ಹಳ್ಳಿಯಲ್ಲಿ ಕೂಡು ಕುಟುಂಬದಲ್ಲಿ ಇದ್ದೇನೆ. ಚೊಚ್ಚಲ ಬಸುರಿ, ಹೊಟ್ಟೆಯಲ್ಲಿ ಅವಳಿ ಕೂಸುಗಳಿವೆ. ಈಗ 20 ವಾರ. ಎತ್ತರ 5 ಅಡಿ 1 ಇಂಚು. ಬಸುರಿ ಆಗುವ ಮೊದಲು 47 ಕಿಲೋ ಇದ್ದೆ, ಈಗ 50 ಕಿಲೋ. ಮೊದಲ ಮೂರೂವರೆ ತಿಂಗಳು ವಾಂತಿಯಲ್ಲೇ ಹೋಯಿತು. ಹಿಮೋಗ್ಲೋಬಿನ್ 9.6 ಇದೆ. ಜಾಸ್ತಿ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಮೂರು ಜೀವದ ಊಟ ಮಾಡಬೇಕು ಅಂತ ಓಣಿಯವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಪ್ರೋಟೀನ್ ಪೌಡರ್ ತಗೊಳ್ಳಬೇಕಾ? ಏಳನೇ ತಿಂಗಳಲ್ಲಿ ಕುಬುಸ ಮಾಡಿ ರಾಣೆಬೆನ್ನೂರಿನ ತವರಿಗೆ ಕರೆದುಕೊಂಡು ಹೋಗುತ್ತಾರಂತೆ. ಹೋಗಬಹುದಾ?

ಉತ್ತರ: ತಂಗಿ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. 20 ವಾರಕ್ಕೆ 3 ಕಿಲೋ ಅಂದರೆ ಅವಳಿ ಬಸುರಿಗೆ ಕಡಿಮೆ ಆಯಿತು. ಇದು ನಿಮ್ಮ ತಪ್ಪಲ್ಲ. ಅವಳಿ ಇದ್ದಾಗ ಬಸುರಿನ ಹಾರ್ಮೋನು ಜಾಸ್ತಿ ಇರುತ್ತದೆ, ಹಾಗಾಗಿ ವಾಂತಿಯೂ ಜೋರು. ಮೂರೂವರೆ ತಿಂಗಳು ಏನೂ ನಿಲ್ಲದ ಹೊಟ್ಟೆಯಲ್ಲಿ 3 ಕಿಲೋ ಏರಿಸಿದ್ದೀರಿ. ಆದರೆ ಮುಂದಿನ ಎಂಟು ವಾರ ಬಹಳ ಬೆಲೆಯುಳ್ಳವು. ನನ್ನ ಇಡೀ ಉತ್ತರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: 20ರಿಂದ 28 ವಾರದೊಳಗೆ ಏರುವ ತೂಕ ನಿಮ್ಮ ಕೂಸುಗಳಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಯಾಕೆ ಅಂತ ಹೇಳುತ್ತೇನೆ. ಒಂದೇ ಕೂಸು ಇದ್ದರೆ 39, 40 ವಾರ ಹೊಟ್ಟೆಯಲ್ಲಿ ಇರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಅಂದರೆ ಬೆಳೆಯೋಕೆ ಅವಕ್ಕೆ ಸಿಗುವ ದಿನವೇ ಕಡಿಮೆ. ಇನ್ನೊಂದು ವಿಷಯ ಇದೆ. 30 ವಾರ ದಾಟಿದ ಮೇಲೆ ಗರ್ಭಕೋಶ ಪಕ್ಕೆಲುಬಿನ ತನಕ ಬಂದು ಹೊಟ್ಟೆಯನ್ನು ಒತ್ತುತ್ತದೆ. ಆಗ ಅರ್ಧ ರೊಟ್ಟಿ ಉಂಡರೂ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಎದೆ ಉರಿಯುತ್ತದೆ. ಕೂಸುಗಳು ಭರದಿಂದ ಬೆಳೆಯುವ ಹೊತ್ತಿಗೇ ತಾಯಿಗೆ ಉಣ್ಣಲು ಆಗುವುದಿಲ್ಲ. ಆಗ ಬಳಸಲಿಕ್ಕೆ ಈಗಲೇ ಕೂಡಿಡಬೇಕು. ನಮ್ಮ ಕಡೆ ಹಿಂದೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರಲ್ಲ, ಹಾಗೇ ಇದು. ಸುಗ್ಗಿಯಲ್ಲಿ ತುಂಬಿದ್ದರೆ ಮಾತ್ರ ಮಳೆಗಾಲದಲ್ಲಿ ತೆಗೆಯಲು ಬರುತ್ತದೆ. ಅಮೆರಿಕದಲ್ಲಿ ಬಾರ್ಬರಾ ಲ್ಯೂಕ್ ಎಂಬ ಸಂಶೋಧಕಿ ಅವಳಿ ಬಸುರಿಯರ ತೂಕದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮೊದಲರ್ಧದಲ್ಲಿ ಮತ್ತು ನಡುವಿನ ವಾರಗಳಲ್ಲಿ ಚೆನ್ನಾಗಿ ತೂಕ ಏರಿದ ತಾಯಂದಿರ ಕೂಸುಗಳು ಹುಟ್ಟುವಾಗ ಹೆಚ್ಚು ತೂಕ ಇರುತ್ತವೆ ಎಂದು ಅವರ ಕೆಲಸ ತೋರಿಸಿತು.

ಈಗ ಅಂಕಿಗೆ ಬರೋಣ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕವನ್ನೇ ಹೆಚ್ಚಿನ ಡಾಕ್ಟರುಗಳು ಬಳಸುತ್ತಾರೆ. ಬಸುರಿ ಆಗುವ ಮೊದಲು ಎತ್ತರಕ್ಕೆ ತಕ್ಕ ತೂಕ ಇದ್ದವರು, ಅಂದರೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ) 18.5ರಿಂದ 24.9 ಇದ್ದವರು, ಅವಳಿ ಇದ್ದಾಗ ಒಟ್ಟು 17ರಿಂದ 25 ಕಿಲೋ ಏರಬೇಕು. ಬಿಎಂಐ 25ರಿಂದ 29.9 ಇದ್ದವರು 14ರಿಂದ 23 ಕಿಲೋ. 30 ದಾಟಿದವರು 11ರಿಂದ 19 ಕಿಲೋ. 18.5ಕ್ಕಿಂತ ಕಡಿಮೆ ಇದ್ದವರಿಗೆ ಸಾಕಷ್ಟು ಮಾಹಿತಿ ಇರಲಿಲ್ಲ, ಹಾಗಾಗಿ ಅವರಿಗೆ ಅಂಕಿ ಕೊಡಲಿಲ್ಲ. ಒಂದೇ ಕೂಸಾದರೆ ಸರಿಯಾದ ತೂಕದವರಿಗೆ 11.5ರಿಂದ 16 ಕಿಲೋ ಅಂತ ಇದೆ. ನಿಮ್ಮ ಎತ್ತರಕ್ಕೆ 47 ಕಿಲೋ ಅಂದರೆ ಬಿಎಂಐ ಸುಮಾರು 19.6. ಸರಿಯಾದ ಗುಂಪಿನಲ್ಲೇ ಇದ್ದೀರಿ, ಆದರೆ ಕೆಳಗಿನ ಅಂಚಿನಲ್ಲಿ.

17 ಕಿಲೋ ಅಂತ ಓದಿ ಎದೆ ಧಸಕ್ಕೆಂದಿತಾ? ಗಾಬರಿ ಬೇಡ. ಆ ಲೆಕ್ಕ ಹುಟ್ಟಿದ್ದು ಅಮೆರಿಕದ ಹೆಣ್ಣುಮಕ್ಕಳಿಂದ. ಅದೂ 37 ವಾರ ದಾಟಿ, ಸರಾಸರಿ 2.5 ಕಿಲೋ ಮೇಲಿನ ಅವಳಿಗಳನ್ನು ಹೆತ್ತವರಿಂದ. ನಮ್ಮ ಹೆಣ್ಣುಮಕ್ಕಳ ಮೈಕಟ್ಟು ಸಣ್ಣದು. ನಾನು ಅದನ್ನು ದಾರಿ ತೋರಿಸುವ ಕಲ್ಲಿನ ಹಾಗೆ ಬಳಸುತ್ತೇನೆ, ಪರೀಕ್ಷೆಯ ಪಾಸ್ ಮಾರ್ಕಿನ ಹಾಗೆ ಅಲ್ಲ. ನಿಮಗೆ ನಾನು ಇಡುವ ಗುರಿ ಹೀಗಿದೆ. ಇವತ್ತಿನಿಂದ 28 ವಾರದ ತನಕ ವಾರಕ್ಕೆ 600ರಿಂದ 750 ಗ್ರಾಂ. ಆಮೇಲೆ ಹೆರಿಗೆ ತನಕ ವಾರಕ್ಕೆ ಸುಮಾರು 450 ಗ್ರಾಂ. ಹೀಗೆ ಹೋದರೆ 28 ವಾರಕ್ಕೆ 55, 56 ಕಿಲೋ ಆಗುತ್ತೀರಿ, 36 ವಾರಕ್ಕೆ 59, 60. ಒಟ್ಟು 12ರಿಂದ 13 ಕಿಲೋ. 17 ಮುಟ್ಟುವುದಿಲ್ಲ, ನಿಜ. ಹೋದ ವಾರಗಳನ್ನು ಒಂದೇ ತಿಂಗಳಲ್ಲಿ ತುಂಬಿಕೊಳ್ಳಲು ಹೋಗಬೇಡಿ. ಇದಕ್ಕಿಂತ ಸ್ವಲ್ಪ ಜಾಸ್ತಿ ಏರಿದರೆ ಒಳ್ಳೆಯದೇ. ಸ್ಕ್ಯಾನಿನಲ್ಲಿ ಎರಡೂ ಕೂಸು ವಾರಕ್ಕೆ ತಕ್ಕಂತೆ ಬೆಳೆಯುತ್ತಿದ್ದರೆ, ತಕ್ಕಡಿಯ ಅಂಕಿಗಿಂತ ನಾನು ಆ ಸ್ಕ್ಯಾನನ್ನೇ ಹೆಚ್ಚು ನಂಬುತ್ತೇನೆ.

ಏರಿದ ತೂಕ ಎಲ್ಲಿ ಹೋಗುತ್ತದೆ ಅಂತ ಅತ್ತೆಯವರಿಗೂ ಓದಿ ಹೇಳಿ. ಹೆರಿಗೆ ಹೊತ್ತಿಗೆ ಎರಡು ಕೂಸು ಸೇರಿ ನಾಲ್ಕೂವರೆ ಕಿಲೋ ಆಸುಪಾಸು. ಮಾಸು ಒಂದು ಕಿಲೋ, ಚೂರು ಜಾಸ್ತಿಯೇ. ನೆತ್ತಿನೀರು, ಅಂದರೆ ಕೂಸುಗಳ ಸುತ್ತ ಇರುವ ನೀರು, ಒಂದೂವರೆ, ಎರಡು ಕಿಲೋ. ಹಿಗ್ಗಿದ ಗರ್ಭಕೋಶ ಒಂದು ಕಿಲೋ ಮೇಲೆ. ಮೈಯಲ್ಲಿ ಹೆಚ್ಚಾಗುವ ರಕ್ತ ಮತ್ತು ನೀರು ಮೂರು ಕಿಲೋದಷ್ಟು. ಇಷ್ಟಕ್ಕೇ ಹನ್ನೊಂದು, ಹನ್ನೆರಡು ಕಿಲೋ ಆಯಿತು ನೋಡಿ. ಇದರಲ್ಲಿ ನಿಮ್ಮ ಮೈಗೆ ಅಂತ ಒಂದು ಚಮಚ ಕೊಬ್ಬೂ ಸೇರಿಲ್ಲ. ಅಂದರೆ 12 ಕಿಲೋ ಕೂಡ ಏರದಿದ್ದರೆ, ಕೂಸುಗಳು ಬೆಳೆದದ್ದು ನಿಮ್ಮ ಮೈ ಕರಗಿಸಿ. ಅಂಥ ತಾಯಂದಿರು ಬಾಣಂತನದಲ್ಲಿ ಎದ್ದು ಕೂರಲಿಕ್ಕೂ ಒದ್ದಾಡುವುದನ್ನು ನಾನು ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ನೋಡುತ್ತಲೇ ಇದ್ದೇನೆ. ಎರಡು ಕೂಸಿಗೆ ಹಾಲು ಬೇರೆ ಕೊಡಬೇಕಲ್ಲ.

ಅತ್ತೆಯವರ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಅವರ ಕಾಲದಲ್ಲಿ ಮನೆಯಲ್ಲೇ ಹೆರಿಗೆ. ದೊಡ್ಡ ಕೂಸು ಸಿಕ್ಕಿಕೊಂಡರೆ ತಾಯಿ ಕೂಸು ಇಬ್ಬರೂ ಹೋಗುತ್ತಿದ್ದರು. ಆ ಹೆದರಿಕೆ ಅನುಭವದಿಂದ ಬಂದದ್ದು. ಆದರೆ ಅವಳಿಯಲ್ಲಿ ಕಷ್ಟ ಬರುವುದು ಬೇರೆ ದಿಕ್ಕಿನಿಂದ. ಇಲ್ಲಿ ಕೂಸುಗಳು ದಪ್ಪ ಆಗುವ ಭಯ ಕಡಿಮೆ, ತೂಕ ಸಾಲದೇ ಬೇಗ ಹುಟ್ಟುವ ಭಯವೇ ಜಾಸ್ತಿ. ಒಂದೂವರೆ ಕಿಲೋ ಕೂಸು ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇರಬೇಕಾಗುತ್ತದೆ. ಎರಡು ಕಿಲೋ ದಾಟಿದ್ದು ಬಹಳ ಸಲ ತಾಯಿಯ ಮಗ್ಗುಲಲ್ಲೇ ಮಲಗುತ್ತದೆ. ಸಹಜ ಹೆರಿಗೆಯೋ ಆಪರೇಷನ್ನೋ ಎಂಬುದು ಹೆಚ್ಚಾಗಿ ಮೊದಲ ಕೂಸಿನ ತಲೆ ಕೆಳಗಿದೆಯಾ ಎಂಬುದರ ಮೇಲೆ ನಿಂತಿದೆ. ನೀವು ತಿಂದ ರೊಟ್ಟಿಯ ಲೆಕ್ಕ ಅಲ್ಲಿ ಬರುವುದಿಲ್ಲ.

ಹಾಗಂತ ಓಣಿಯವರ ಮೂರು ಜೀವದ ಊಟವೂ ಸರಿ ಅಲ್ಲ. ಬಸುರಿಗೆ ಮೊದಲು ತಿನ್ನುತ್ತಿದ್ದುದರ ಮೇಲೆ ದಿನಕ್ಕೆ ಸುಮಾರು 600ರಿಂದ 700 ಕ್ಯಾಲೊರಿ ಹೆಚ್ಚು ಬೇಕು. ಇದನ್ನು ತಟ್ಟೆಯಲ್ಲಿ ನೋಡಿದರೆ ಒಂದು ಮೆತ್ತನೆ ಜೋಳದ ರೊಟ್ಟಿ, ಒಂದು ಲೋಟ ಹಾಲು, ಒಂದು ಮುಷ್ಟಿ ಶೇಂಗಾ, ಒಂದು ಬಾಳೆಹಣ್ಣು, ಒಂದು ಸಣ್ಣ ಬಟ್ಟಲು ಕಾಳುಪಲ್ಯ. ಅಷ್ಟೇ. ಮೂರು ಜನರ ಊಟ ಎಲ್ಲಿ, ಇದೆಲ್ಲಿ!

ಇಲ್ಲಿ ಒಂದು ಮಾತು. ಎಷ್ಟು ರೊಟ್ಟಿ ತಿನ್ನುತ್ತೀರಿ ಅಂತ ಕೇಳಿದರೆ ನಮ್ಮ ಹೆಣ್ಣುಮಕ್ಕಳು 'ಎರಡು ರೀ' ಅಂತಾರೆ. ಒಮ್ಮೆ ಅವಳಿ ಬಸುರಿಯೊಬ್ಬರು ಹೀಗೇ ಹೇಳಿದರು, ತೂಕ ಮಾತ್ರ ಏರುತ್ತಿರಲಿಲ್ಲ. ಮುಂದಿನ ಸಲ ಬರುವಾಗ ಮನೆಯ ರೊಟ್ಟಿ ಕಟ್ಟಿಕೊಂಡು ಬನ್ನಿ ಅಂದೆ. ಬಿಳಿ ಅರಿವೆಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಖಡಕ್ ರೊಟ್ಟಿ. ಅಗಲ ಏನೋ ಪರಾತದಷ್ಟು ಇತ್ತು, ಆದರೆ ಹಪ್ಪಳದ ಹಾಗೆ ತೆಳ್ಳಗೆ. ಆಚೆ ಬದಿಯ ಬೆಳಕು ಕಾಣುವಷ್ಟು. ಸಣ್ಣ ತಕ್ಕಡಿಯಲ್ಲಿ ಇಟ್ಟರೆ ಒಂದು ರೊಟ್ಟಿ 40 ಗ್ರಾಂ ಕೂಡ ಬರಲಿಲ್ಲ. ಅವರ ಎರಡು ರೊಟ್ಟಿ ಅಂದರೆ ಕೈಯಲ್ಲಿ ತಟ್ಟಿದ ಒಂದೂವರೆ ಮೆತ್ತನೆ ರೊಟ್ಟಿ ಅಷ್ಟೇ. ಇಡೀ ಮಧ್ಯಾಹ್ನಕ್ಕೆ! ಅವರು ಸುಳ್ಳು ಹೇಳಿರಲಿಲ್ಲ. ನಾನೇ ಮೊದಲು ಅವರ ಮನೆಯ ರೊಟ್ಟಿ ನೋಡಬೇಕಿತ್ತು. ಅವತ್ತಿನಿಂದ ನಾನು ಸಂಖ್ಯೆ ಕೇಳುವುದಿಲ್ಲ, ಹಿಟ್ಟು ಎಷ್ಟು ಅಂತ ಕೇಳುತ್ತೇನೆ. ನೀವೂ ಹಾಗೇ ನೋಡಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ, 5 ಗ್ರಾಂ ಪ್ರೋಟೀನ್ ಇರುತ್ತದೆ.

ಪ್ರೋಟೀನ್ ವಿಷಯಕ್ಕೆ ಬಂದೆ. ಒಂದು ಕೂಸಿನ ಬಸುರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಪ್ರೋಟೀನ್ ಹೆಚ್ಚು ಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ. ಅವಳಿಗೆ ಅದಕ್ಕಿಂತ ಮುಂದೆ ಹೋಗಬೇಕು. ನಾನು ನಿಮ್ಮಂಥವರಿಗೆ ದಿನಕ್ಕೆ 75ರಿಂದ 80 ಗ್ರಾಂ ಅಂತ ಹೇಳುತ್ತೇನೆ. ಮೊಟ್ಟೆ ಇಲ್ಲದೇ ಅಷ್ಟು ಆಗುತ್ತದಾ? ಆಗುತ್ತದೆ. ಧಾರವಾಡ, ಗದಗ ಸೀಮೆಯ ಅಡುಗೆಮನೆಯಲ್ಲಿ ಕಾಳು, ಶೇಂಗಾ, ಮೊಸರಿಗೆ ಎಂದೂ ಬರ ಇಲ್ಲ.

ಬೆಳಿಗ್ಗೆ ಎದ್ದ ತಕ್ಷಣ ಕಾಯಿಸಿದ ಹಾಲು ಒಂದು ಲೋಟ. ಎಂಟೂವರೆಗೆ ಉಪ್ಪಿಟ್ಟೋ ಅವಲಕ್ಕಿಯೋ, ಮೇಲೆ ಕೈ ಬಿಚ್ಚಿ ಶೇಂಗಾ ಹಾಕಿ, ಜೊತೆಗೆ ಬಟ್ಟಲು ಮೊಸರು. ಹನ್ನೊಂದಕ್ಕೆ ಪುಟಾಣಿ, ಶೇಂಗಾ ಒಂದೊಂದು ಹಿಡಿ, ಚೂರು ಬೆಲ್ಲ. ಮಧ್ಯಾಹ್ನ ಎರಡು ಮೆತ್ತನೆ ರೊಟ್ಟಿ, ಮಡಕಿ ಕಾಳಿನದೋ ಹೆಸರುಕಾಳಿನದೋ ಪಲ್ಯ, ಮೆಂತೆ ಅಥವಾ ರಾಜಗಿರಿ ಸೊಪ್ಪು, ಸ್ವಲ್ಪ ಅನ್ನ ಸಾರು, ಗಟ್ಟಿ ಮೊಸರು. ಸಂಜೆ ಬೇಯಿಸಿದ ಮೊಳಕೆ ಕಾಳಿನ ಉಸುಳಿ, ಒಂದು ಹಣ್ಣು. ಮೊಳಕೆ ಕಾಳು ಹಸಿಯಾಗಿ ಬೇಡ, ಅದರಿಂದ ಸೋಂಕು ಬರಬಹುದು. ರಾತ್ರಿ ಎರಡು ರೊಟ್ಟಿ, ಜುಣಕ, ಅನ್ನ, ಬೇಳೆ. ಮಲಗುವಾಗ ಮತ್ತೆ ಹಾಲು. ಇಷ್ಟು ನಿಜಕ್ಕೂ ಹೊಟ್ಟೆಗೆ ಹೋದರೆ ಪ್ರೋಟೀನ್ 80 ಗ್ರಾಂ ದಾಟುತ್ತದೆ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಹಚ್ಚಿಕೊಂಡು, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿಕೊಂಡರೆ ಊಟ ಹೆಚ್ಚಿಸದೇ ಕ್ಯಾಲೊರಿ ಹೆಚ್ಚುತ್ತದೆ. ನಿಮಗೆ ಈಗ ಬೇಕಾದದ್ದೂ ಅದೇ, ಸಣ್ಣ ತುತ್ತಿನಲ್ಲಿ ಹೆಚ್ಚು ಸತ್ವ. ಮಿರ್ಚಿ, ಗಿರ್ಮಿಟ್ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ಸಂಜೆ ಬಯಕೆ ಆದರೆ ಒಂದು ತಿನ್ನಿ. ಆದರೆ ಅದರಿಂದ ಹೊಟ್ಟೆ ತುಂಬಿ ರಾತ್ರಿ ಊಟ ತಪ್ಪಬಾರದು.

ಪೌಡರ್ ಬೇಡ. ಮನೆಯಲ್ಲಿ ಉಣ್ಣಲಿಕ್ಕೆ ಇರುವಾಗ ಆ ಡಬ್ಬಿಯ ದುಡ್ಡಿಗೆ ತಿಂಗಳಿಗೆ ಆಗುವಷ್ಟು ಶೇಂಗಾ, ಪುಟಾಣಿ, ಹಾಲು ಬರುತ್ತದೆ. ಕೆಲವು ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ. ಬಸುರಿಯರಿಗೆ ಬರೀ ಪ್ರೋಟೀನ್ ಹೆಚ್ಚಿಸುವ ಪೂರಕ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ 2016ರ ಮಾರ್ಗಸೂಚಿಯಲ್ಲಿ ಬೇಡ ಎಂದೇ ಹೇಳಿದೆ. ವಾಂತಿ ಮತ್ತೆ ಶುರುವಾಗಿ ಊಟವೇ ನಿಲ್ಲದಿದ್ದರೆ ಮಾತು ಬೇರೆ, ಆಗ ನಿಮ್ಮ ಡಾಕ್ಟರ್ ನೋಡಿ ಬರೆದುಕೊಡಲಿ.

ಈಗ ಮನಸ್ಸಿಗೆ ಹತ್ತಿರದ ಮಾತು ಒಂದಿದೆ. ಕೂಡು ಕುಟುಂಬ ಅಂದಿರಿ. ನಿಮ್ಮ ಮನೆಯಲ್ಲಿ ನೀವು ಊಟಕ್ಕೆ ಕೂರುವುದು ಎಷ್ಟು ಹೊತ್ತಿಗೆ? ಗಂಡಸರು, ಮಕ್ಕಳು, ಹಿರಿಯರು ಎಲ್ಲ ಉಂಡಾದ ಮೇಲೆ ಕಡೆಗೆ ಸೊಸೆ ಕೂರುವುದು ಇನ್ನೂ ಎಷ್ಟೋ ಮನೆಯಲ್ಲಿ ಇದೆ. ಅಷ್ಟೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಪಲ್ಯ ತಳ ಕಂಡಿರುತ್ತದೆ. ಕಾಳೆಲ್ಲ ಹೋಗಿ ರಸ ಮಾತ್ರ ಉಳಿದಿರುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ. ಆದರೆ ಪ್ರೋಟೀನ್ ಹೋಗುವುದು ಅಲ್ಲೇ. ಹಸಿವಾದ ತಕ್ಷಣ ಉಣ್ಣಿ, ಯಾರನ್ನೂ ಕಾಯಬೇಡಿ. ಪಲ್ಯ ಒಲೆಯಿಂದ ಇಳಿಸಿದ ಕೂಡಲೇ ನಿಮ್ಮ ಬಟ್ಟಲು ತೆಗೆದು ಮುಚ್ಚಿಡಿ. ಇದನ್ನು ಹೇಳಲು ನಿಮಗೆ ಸಂಕೋಚ ಆದರೆ ನಿಮ್ಮ ಯಜಮಾನರು ಹೇಳಲಿ, ಅಥವಾ ಈ ಉತ್ತರವನ್ನೇ ಅತ್ತೆಯವರ ಮುಂದೆ ಓದಿ. ಮೊಮ್ಮಕ್ಕಳ ವಿಷಯ ಅಂದರೆ ಅತ್ತೆಯಂದಿರೇ ಮುಂದೆ ನಿಂತು ತುತ್ತು ಇಡುವುದನ್ನು ನಾನು ಕಂಡಿದ್ದೇನೆ. ಸೋಮವಾರದ ಉಪವಾಸ, ಒಪ್ಪತ್ತು ಈ ಬಸುರಿನಲ್ಲಿ ಬೇಡ. ಅವಳಿ ಇದ್ದಾಗ ಹೊಟ್ಟೆ ಖಾಲಿ ಬಿಟ್ಟರೆ ಮೈ ಬೇಗನೇ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ತಲೆ ಸುತ್ತುತ್ತದೆ. ರಾತ್ರಿ ಊಟಕ್ಕೂ ಬೆಳಿಗ್ಗೆ ಹಾಲಿಗೂ ನಡುವೆ ಹತ್ತು ತಾಸಿಗಿಂತ ಜಾಸ್ತಿ ಅಂತರ ಬಿಡಬೇಡಿ.

ಅಂಗನವಾಡಿಗೆ ಹೆಸರು ಕೊಟ್ಟಿದ್ದೀರಾ? 2017ರ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಇದೆ. ಬಸುರಿ, ಬಾಣಂತಿಯರಿಗೆ ಬಿಸಿ ಊಟ, ಹಾಲು, ಚಿಕ್ಕಿ ಅಂತ ಶುರುವಾದ ಯೋಜನೆ ಅದು. ಅಲ್ಲಿಗೆ ಹೋಗಿ ಉಣ್ಣುವುದು ಕಡಿಮೆ ಅಂತ ಯಾರೂ ಅಂದುಕೊಳ್ಳಬಾರದು. ಅದು ನಿಮ್ಮ ಹಕ್ಕಿನ ಊಟ. ಹಾಗೇ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆ ಬಿಟ್ಟಿಯಾಗಿ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಿಮೋಗ್ಲೋಬಿನ್ 9.6 ನನಗೆ ತೂಕಕ್ಕಿಂತ ಜಾಸ್ತಿ ಚಿಂತೆ ತಂದಿದೆ. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಆದರೆ ರಕ್ತಹೀನತೆ. ಎರಡು ಕೂಸು ನಿಮ್ಮ ಕಬ್ಬಿಣವನ್ನೇ ಹೀರುತ್ತವೆ, ಹೆರಿಗೆಯಲ್ಲಿ ರಕ್ತ ಹೋಗುವುದೂ ಅವಳಿಯಲ್ಲಿ ಜಾಸ್ತಿ. ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಿಮ್ಮ ಅಂಕಿಗೆ ದಿನಕ್ಕೆ ಎರಡು ಬೇಕಾಗಬಹುದು, ಡಾಕ್ಟರ್ ಹೇಳಿದಷ್ಟು ತಗೊಳ್ಳಿ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಮಾತ್ರೆಗೂ ಊಟಕ್ಕೂ ಹಿಂದೆ ಮುಂದೆ ಒಂದು ತಾಸು ಚಹಾ ಬೇಡ. ನಮ್ಮ ಕಡೆ ಉಂಡ ಕೈ ಒಣಗುವ ಮೊದಲೇ ಚಹಾ ಬರುತ್ತದೆ, ಕಬ್ಬಿಣವನ್ನು ಅದೇ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಜೊತೆ ನುಂಗಬೇಡಿ, ಎರಡು ತಾಸು ಬಿಟ್ಟು ತಗೊಳ್ಳಿ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯದು. ಮೊಟ್ಟೆ, ಮಾಂಸ ತಿನ್ನದವರಲ್ಲಿ ಬಿ12 ಕೊರತೆಯೂ ಇರುತ್ತದೆ, ಅದನ್ನೊಮ್ಮೆ ನೋಡಿಸಿ. ಒಂದು ತಿಂಗಳು ಸರಿಯಾಗಿ ನುಂಗಿಯೂ ರಕ್ತ ಏರದಿದ್ದರೆ ನರದ ಮೂಲಕ ಕಬ್ಬಿಣ ಕೊಡುತ್ತಾರೆ. ಅದಕ್ಕೆ ಹೆದರಿ ಮುಂದೂಡಬೇಡಿ.

ತೂಕ ನೋಡುವುದು ಹೇಗೆ? ವಾರಕ್ಕೊಮ್ಮೆ ಸಾಕು. ಒಂದೇ ತಕ್ಕಡಿ, ಒಂದೇ ಹೊತ್ತು, ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತೆಳು ಬಟ್ಟೆಯಲ್ಲಿ. ಮನೆಯಲ್ಲಿ ಇಲ್ಲದಿದ್ದರೆ ಅಂಗನವಾಡಿಯ ತಕ್ಕಡಿ ಇದೆ. ತಾಯಿ ಕಾರ್ಡಿನಲ್ಲಿ ಬರೆದಿಡಿ.

ಏರಬೇಕು ಏರಬೇಕು ಅಂತ ಇಷ್ಟು ಹೇಳಿದೆ. ಆದರೆ ಏರಿದ್ದೆಲ್ಲ ಒಳ್ಳೆಯ ತೂಕ ಅಲ್ಲ. ದಯವಿಟ್ಟು ಈ ಭಾಗವನ್ನು ನಿಮ್ಮ ಯಜಮಾನರೂ ಓದಲಿ. ಒಂದೇ ವಾರದಲ್ಲಿ ಒಂದೂವರೆ, ಎರಡು ಕಿಲೋ ಏರಿದರೆ ಅದು ಊಟದಿಂದ ಬಂದದ್ದಲ್ಲ, ಮೈಯಲ್ಲಿ ನಿಂತ ನೀರು. ಮುಖ ಊದಿ, ಬಳೆ ಬಿಗಿಯಾಗಿ, ಉಂಗುರ ಹೊರಗೆ ಬರದೇ, ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಬಂದರೆ ಬಿಪಿ ಏರಿರಬಹುದು. ಅವಳಿ ಬಸುರಿಯಲ್ಲಿ, ಅದರಲ್ಲೂ ಚೊಚ್ಚಲದಲ್ಲಿ, ಇದರ ಅಪಾಯ ಜಾಸ್ತಿ. ಬಿಪಿ 140/90 ಮುಟ್ಟಿದರೆ ಅವತ್ತೇ ಆಸ್ಪತ್ರೆ, ನಾಳೆ ನೋಡೋಣ ಅಂತ ಇಲ್ಲ. ಬಿಪಿ ಬರದಂತೆ ಕೆಲವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಮೂರನೇ ತಿಂಗಳ ಕೊನೆಯಿಂದಲೇ ಕೊಡುತ್ತಾರೆ. ನಿಮಗೆ ಬರೆದಿದ್ದಾರಾ, ಬೇಕಾ ಅಂತ ಕೇಳಿ. ಸ್ವಂತ ಅಂಗಡಿಯಿಂದ ತಂದು ನುಂಗಬೇಡಿ.

ಮತ್ತೊಂದು ಮುಖ್ಯ ವಿಷಯ ನಿಮ್ಮ ಪತ್ರದಲ್ಲಿ ಇಲ್ಲ: ಎರಡು ಕೂಸಿಗೂ ಮಾಸು ಒಂದೇನಾ, ಬೇರೆ ಬೇರೆನಾ? 11ರಿಂದ 14 ವಾರದ ಸ್ಕ್ಯಾನಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ಡಿಸಿಡಿಎ ಅಂತ ಇದ್ದರೆ ಮಾಸು ಬೇರೆ ಬೇರೆ. ಎಂಸಿಡಿಎ ಅಂತ ಇದ್ದರೆ ಒಂದೇ. ಒಂದೇ ಮಾಸು ಇದ್ದಾಗ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ತೊಂದರೆ ಬರಬಹುದು. ಅದಕ್ಕೇ 16 ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಬೇರೆ ಬೇರೆ ಇದ್ದರೆ ನಾಲ್ಕು ವಾರಕ್ಕೊಮ್ಮೆ ಸಾಕು. ಒಂದೇ ಮಾಸಿದ್ದು, ನಾಲ್ಕಾರು ದಿನದಲ್ಲೇ ಹೊಟ್ಟೆ ನಗಾರಿ ಹಾಗೆ ಬಿಗಿದು ಉಸಿರಾಟ ಕಷ್ಟ ಆದರೆ, 'ಅವಳಿ ಅಲ್ವಾ, ಹೊಟ್ಟೆ ದೊಡ್ಡದಾಗುತ್ತದೆ' ಅಂತ ಸುಮ್ಮನಿರಬೇಡಿ. ಕೂಡಲೇ ಸ್ಕ್ಯಾನ್ ಆಗಬೇಕು. ಹಳೆಯ ರಿಪೋರ್ಟು ಹುಡುಕಿ ಈವತ್ತೇ ನೋಡಿ.

24ರಿಂದ 28 ವಾರದೊಳಗೆ ಸಕ್ಕರೆ ಪರೀಕ್ಷೆ ಮಾಡಿಸಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ತೆಗೆಯುತ್ತಾರೆ. 140 ಅಥವಾ ಜಾಸ್ತಿ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಅದಕ್ಕೇ ನಾನು ತೂಕ ಏರಿಸಲು ಪೇಡೆ, ಹೋಳಿಗೆ, ಸಜ್ಜಕ ತಿನ್ನಿ ಅಂತ ಹೇಳುವುದಿಲ್ಲ. ಹಬ್ಬಕ್ಕೆ ಒಂದು ತಿನ್ನಿ, ದಿನದ ತೂಕ ಮಾತ್ರ ಕಾಳು, ಹಾಲು, ಶೇಂಗಾದಿಂದ ಬರಲಿ.

ಕೆಲಸ ಮಾಡಬಹುದಾ ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸುಮ್ನೆ ಹಾಸಿಗೆ ಹಿಡಿದು ಮಲಗಿದರೆ ಹೆರಿಗೆ ಮುಂದೆ ಹೋಗುವುದಿಲ್ಲ, ಅದು ಹಳೆಯ ನಂಬಿಕೆ. ಮನೆಯೊಳಗೆ ಓಡಾಡಿ, ಸಂಜೆ ಸ್ವಲ್ಪ ನಡೆಯಿರಿ. ತುಂಬಿದ ಕೊಡ ಎತ್ತುವುದು, ತಾಸುಗಟ್ಟಲೆ ಒಲೆ ಮುಂದೆ ಕೂತು ಮನೆ ಮಂದಿಗೆಲ್ಲ ರೊಟ್ಟಿ ತಟ್ಟುವುದು ಈಗಿನಿಂದಲೇ ಬೇರೆಯವರಿಗೆ ಬಿಡಿ. ಮಧ್ಯಾಹ್ನ ಎಡಮಗ್ಗುಲಾಗಿ ಒಂದೆರಡು ತಾಸು ಮಲಗಿ.

ಇನ್ನು ಕುಬುಸ. ಮಾಡಿ, ಖಂಡಿತ ಮಾಡಿ. ಹಸಿರು ಸೀರೆ, ಹಸಿರು ಬಳೆ, ಐದು ಮನೆಯ ಬುತ್ತಿ, ಆ ಸಂತೋಷ ನಿಮಗೆ ಸಿಗಬೇಕು. ಆದರೆ ಏಳನೇ ತಿಂಗಳ ತನಕ ಕಾಯದೇ 24, 25 ವಾರದಲ್ಲೇ ಮುಗಿಸಿಬಿಡಿ. ಹಿರಿಯರಿಗೆ ಹೇಳಿದರೆ ಐದನೇ ತಿಂಗಳ ಕುಬುಸವೂ ನಮ್ಮಲ್ಲಿ ಇದೆ ಅಂತ ಅವರೇ ಒಪ್ಪುತ್ತಾರೆ. ಅರ್ಧ ದಿನ ಮಣೆ ಮೇಲೆ ಕೂರಿಸಬಾರದು, ನಡುವೆ ಎದ್ದು ನಡೆಯಲಿಕ್ಕೆ ಬಿಡಬೇಕು.

ತವರಿಗೆ ಹೋಗುವ ಮೊದಲು ಒಂದು ತೀರ್ಮಾನ ಮಾಡಿ: ಹೆರಿಗೆ ಎಲ್ಲಿ? ಎರಡು ಸಣ್ಣ ಕೂಸುಗಳನ್ನು ಒಟ್ಟಿಗೆ ನೋಡಿಕೊಳ್ಳುವ ನವಜಾತ ಶಿಶು ಐಸಿಯು, ಹಗಲು ರಾತ್ರಿ ಮಕ್ಕಳ ಡಾಕ್ಟರ್, ರಕ್ತ ಸಿಗುವ ವ್ಯವಸ್ಥೆ ಇರುವ ಕಡೆಯೇ ಆಗಬೇಕು. ಗದಗದಿಂದ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ (ಮೊದಲಿನ ಕಿಮ್ಸ್) ಸುಮಾರು 60 ಕಿಲೋಮೀಟರ್. ರಾಣೆಬೆನ್ನೂರಿನಿಂದ ನೂರರ ಆಸುಪಾಸು. ರಾತ್ರಿ ಎರಡು ಗಂಟೆಗೆ ನೀರು ಹೋದರೆ ಆ ದೂರ ಬಹಳ ದೊಡ್ಡದು. ಹಾಗಾಗಿ ಹುಬ್ಬಳ್ಳಿ, ಗದಗ, ಹಾವೇರಿ, ದಾವಣಗೆರೆ ಯಾವುದೇ ಇರಲಿ, ಆಸ್ಪತ್ರೆ ಮೊದಲು ಗೊತ್ತು ಮಾಡಿ, ಅಲ್ಲಿ ಒಮ್ಮೆ ತೋರಿಸಿ, ಆಮೇಲೆ ಅದಕ್ಕೆ ಹತ್ತಿರ ಆಗುವ ಮನೆಯಲ್ಲಿ ಇರಿ. ತವರಿಗೆ ಹೋಗುವುದಾದರೆ 28 ವಾರದೊಳಗೆ ಹೋಗಿ, ಕಾರಿನಲ್ಲಿ, ತಾಸಿಗೊಮ್ಮೆ ಇಳಿದು ಕಾಲಾಡಿಸುತ್ತಾ. ಅದಾದ ಮೇಲೆ ಅತ್ತಿಂದಿತ್ತ ಓಡಾಟ ಬೇಡ. ಮಾಸು ಬೇರೆ ಬೇರೆ ಇದ್ದು ಎಲ್ಲ ಸರಿ ಇದ್ದರೆ 37, 38 ವಾರಕ್ಕೆ ಹೆರಿಗೆ ಮಾಡಿಸುತ್ತಾರೆ. ಒಂದೇ ಇದ್ದರೆ 36, 37ಕ್ಕೆ. ಆದರೆ ನೀವು 32 ವಾರಕ್ಕೇ ತಯಾರಿರಬೇಕು.

ಹೊಟ್ಟೆ ಮತ್ತೆ ಮತ್ತೆ ಬಿಗಿಯುವುದು, ಸೊಂಟ ಜಗ್ಗುವುದು, ನೀರು ಅಥವಾ ರಕ್ತ ಕಾಣುವುದು, ಕೂಸುಗಳ ಒದೆತ ಕಡಿಮೆ ಆಗುವುದು, ಇವು ಯಾವ ವಾರದಲ್ಲಿ ಬಂದರೂ 108ಕ್ಕೆ ಫೋನ್ ಮಾಡಿ. ಹೆರಿಗೆ ಬೇಗ ಆಗುವ ಹಾಗೆ ಕಂಡರೆ ಕೂಸುಗಳ ಪುಪ್ಪುಸ ಗಟ್ಟಿಯಾಗಲು ತಾಯಿಗೆ ಇಂಜೆಕ್ಷನ್ ಕೊಡುತ್ತಾರೆ. ಅದು ಕೆಲಸ ಮಾಡಲು ಒಂದೆರಡು ದಿನ ಬೇಕು, ಹಾಗಾಗಿ ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ತಾಯಿ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು, ರಕ್ತದ ಗುಂಪಿನ ಚೀಟಿ, ಎರಡು ಕೂಸಿಗೆ ಆಗುವಷ್ಟು ಮೆತ್ತನೆ ಹಳೆ ಅರಿವೆ, ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರದ ಗೂಟಕ್ಕೆ ಈಗಲೇ ತೂಗುಹಾಕಿ. ಮುಂದಿನ ತಪಾಸಣೆಗೆ ಹೋಗುವಾಗ ನಾಲ್ಕು ವಾರದ ತೂಕ ಬರೆದುಕೊಂಡು ಹೋಗಿ, ನಿಮ್ಮ ಮನೆಯ ಒಂದು ರೊಟ್ಟಿಯನ್ನೂ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.